ಮುಕ್ತ ತಂತ್ರಾಂಶ ಮತ್ತು ಪುಕ್ಕಟೆ ಯಂತ್ರಸಮಯದ ಚರಿತ್ರೆ

ಮುಕ್ತ ತಂತ್ರಾಂಶದ ಯೋಜನೆಯೊಂದಕ್ಕೆ ಹಲವು ಊರುಗಳಿಂದ, ಹಲವು ದೇಶಗಳಿಂದ ಜನ ಕೋಡ್ ಬರೆದು ಕಳಿಸುತ್ತಾರೆ. ಹಾಗೆ ಬಂದ ಪ್ರತಿಯೊಂದು ಬದಲಾವಣೆಯನ್ನೂ ಮೂಲಕ್ಕೆ ಸೇರಿಸುವ ಮೊದಲು ಒಂದು ಯಂತ್ರ ತಾನಾಗಿ ಅದನ್ನು ಬಿಲ್ಡ್ ಮಾಡಿ, ಪರೀಕ್ಷೆಗಳನ್ನು ಓಡಿಸಿ, ಇದ್ದದ್ದು ಯಾವುದೂ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಡುತ್ತದೆ. ಈ ಪದ್ಧತಿಗೆ ಕಂಟಿನ್ಯುಯಸ್ ಇಂಟಿಗ್ರೇಶನ್ ಎಂದು ಹೆಸರು; ಬಳಕೆಯಲ್ಲಿ ಸಿಐ. ಕೋಡ್ ಬರೆಯುವವರು ಸಂಬಳವಿಲ್ಲದೆ ದುಡಿಯಬಹುದು, ಆದರೆ ಪರೀಕ್ಷೆ ನಡೆಸುವ ಯಂತ್ರಕ್ಕೆ ವಿದ್ಯುತ್ತು, ಜಾಗ, ಬ್ಯಾಂಡ್‌ವಿಡ್ತ್ ಬೇಕೇಬೇಕು. ಆ ಖರ್ಚನ್ನು ಯಾರು ಹೊತ್ತರು, ಸಿಕ್ಕಷ್ಟನ್ನು ಯೋಜನೆಗಳು ಹೇಗೆ ಹಂಚಿಕೊಂಡವು ಎಂಬುದೇ ಸಿಐ ಚರಿತ್ರೆಯ ಮುಖ್ಯ ಎಳೆ.

ಪರೀಕ್ಷೆ ಯಾಕೆ ಬೇಕು ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆಯಿದೆ. ‘ಲ್ಲಿ’ ಎಂದು ಬರೆದಾಗ ಕಂಪ್ಯೂಟರಿನೊಳಗೆ ಕೂರುವುದು ನಾಲ್ಕು ಯುನಿಕೋಡ್ ಸಂಕೇತಗಳು: ಲಕಾರ, ಹಲಂತ, ಮತ್ತೊಂದು ಲಕಾರ, ಕೊನೆಗೆ ಗುಡಿಸು. ಪರದೆಯ ಮೇಲೆ ಮಾತ್ರ ಕೊನೆಯಲ್ಲಿ ಬಂದ ಗುಡಿಸು ಮೊದಲ ಲಕಾರಕ್ಕೆ ಅಂಟಿಕೊಳ್ಳಬೇಕು, ಎರಡನೆಯ ಲಕಾರ ಒತ್ತಾಗಿ ಕೆಳಗೆ ಹೋಗಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅಕ್ಷರಜೋಡಣೆಯ ಪರೀಕ್ಷೆಗೆಂದು ಯುನಿಕೋಡ್ ಬಳಗ ಇಟ್ಟಿರುವ ಸಂಗ್ರಹದಲ್ಲಿ ಕನ್ನಡದ್ದೇ ಪ್ರತ್ಯೇಕ ಪರೀಕ್ಷೆಗಳಿವೆ. ಹಾರ್ಫ್‌ಬಜ್ ಅವನ್ನು ತನ್ನ ಪರೀಕ್ಷೆಗಳ ಜೊತೆ ಸೇರಿಸಿಕೊಂಡಿದೆ. ಅರಬ್ಬಿ ಲಿಪಿಗಾಗಿಯೋ ಮ್ಯಾನ್ಮಾರ್ ಲಿಪಿಗಾಗಿಯೋ ಯಾರೋ ಮಾಡಿದ ತಿದ್ದುಪಡಿಯಿಂದ ಕನ್ನಡದ ಒತ್ತಕ್ಷರ ಜಾಗ ತಪ್ಪಿದರೆ ಸಿಐ ಅದನ್ನು ಅಲ್ಲೇ ಹಿಡಿಯುತ್ತದೆ. ಕನ್ನಡ ಬಾರದ ಪ್ರೋಗ್ರಾಮರನ ಕೈಯಿಂದ ಕನ್ನಡ ಕೆಡದಂತೆ ಕಾಯುವ ವ್ಯವಸ್ಥೆ ಇದು.

ಇದಕ್ಕೆ ತಗಲುವ ಯಂತ್ರಸಮಯದ ಲೆಕ್ಕ ಬೇಗನೆ ಬೆಳೆಯುತ್ತದೆ. ಒಂದು ಯೋಜನೆಯನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರ ಮೇಲೂ, ಒಂದು ಭಾಷೆಯ 4 ಆವೃತ್ತಿಗಳಲ್ಲೂ ಪರೀಕ್ಷಿಸಬೇಕಾದರೆ ಒಂದು ಬದಲಾವಣೆಗೆ 12 ಕೆಲಸಗಳಾದವು. ಒಂದೊಂದಕ್ಕೆ 10 ನಿಮಿಷವೆಂದರೂ 2 ಗಂಟೆ. ದಿನಕ್ಕೆ 20 ಬದಲಾವಣೆ ಬಂದು, ಪ್ರತಿಯೊಂದನ್ನೂ ತಿದ್ದಿ ತಿದ್ದಿ 3 ಸಲ ಕಳಿಸಿದರೆ 120 ಗಂಟೆಗಳ ಯಂತ್ರಸಮಯ ಬೇಕು. ಅಂದರೆ 5 ಯಂತ್ರಗಳು ಹಗಲೂ ರಾತ್ರಿ ಬಿಡುವಿಲ್ಲದೆ ದುಡಿಯಬೇಕು.

ಸ್ವಂತ ಯಂತ್ರಗಳ ಕಾಲ

ಕಂಟಿನ್ಯುಯಸ್ ಇಂಟಿಗ್ರೇಶನ್ ಎಂಬ ಹೆಸರನ್ನು 1991ರಲ್ಲಿ ಮೊದಲು ಬಳಸಿದವರು ಗ್ರೇಡಿ ಬೂಚ್. ತೊಂಬತ್ತರ ದಶಕದ ಕೊನೆಗೆ ಕೆಂಟ್ ಬೆಕ್ ಮತ್ತು ಅವರ ಸಂಗಡಿಗರು ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಪದ್ಧತಿಯಲ್ಲಿ ಅದನ್ನು ದಿನನಿತ್ಯದ ಶಿಸ್ತಾಗಿ ಮಾಡಿದರು. 2000ದಲ್ಲಿ ಮಾರ್ಟಿನ್ ಫೌಲರ್ ಮತ್ತು ಮ್ಯಾಥ್ಯೂ ಫೋಮೆಲ್ ಬರೆದ ಲೇಖನ ಈ ಶಿಸ್ತನ್ನು ದೊಡ್ಡ ಓದುಗ ವರ್ಗಕ್ಕೆ ತಲುಪಿಸಿತು. ಮರುವರ್ಷ ಥಾಟ್‌ವರ್ಕ್ಸ್ ಕಂಪನಿಯವರು ಕ್ರೂಸ್‌ಕಂಟ್ರೋಲ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದರು.

ಮುಕ್ತ ತಂತ್ರಾಂಶದ ದೊಡ್ಡ ಯೋಜನೆಗಳಲ್ಲಿ ಈ ದಾರಿಯನ್ನು ಮೊದಲು ತುಳಿದವುಗಳಲ್ಲಿ ಮೊಜಿಲ್ಲಾ ಒಂದು. ನೆಟ್‌ಸ್ಕೇಪ್ ತನ್ನ ಬ್ರೌಸರಿನ ಮೂಲ ಕೋಡನ್ನು 1998ರ ಮಾರ್ಚ್ 31ರಂದು ಲೋಕಕ್ಕೆ ಬಿಟ್ಟಿತು. ಅದರ ಹಿಂದೆಯೇ ಟಿಂಡರ್‌ಬಾಕ್ಸ್ ಎಂಬ ಉಪಕರಣ ಬಳಕೆಗೆ ಬಂತು. ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳ ಯಂತ್ರಗಳು ಒಂದೇ ಸಮನೆ ಕೋಡನ್ನು ಬಿಲ್ಡ್ ಮಾಡುತ್ತಿದ್ದವು. ಫಲಿತಾಂಶ ಒಂದು ಪುಟದ ಮೇಲೆ ಹಸಿರು, ಕೆಂಪು ಚೌಕಗಳಾಗಿ ಕಾಣುತ್ತಿತ್ತು. ಅದನ್ನು ಕಾಯಲು ಸರದಿಯ ಮೇಲೆ ಒಬ್ಬ ‘ಶೆರಿಫ್’ ಇರುತ್ತಿದ್ದ. ಪುಟ ಕೆಂಪಾದರೆ ಹೊಸ ಬದಲಾವಣೆ ಸೇರಿಸುವುದನ್ನು ಆತ ನಿಲ್ಲಿಸಿಬಿಡಬಹುದಿತ್ತು. ಮುರಿದದ್ದು ಸರಿಹೋಗುವವರೆಗೆ ಎಲ್ಲರೂ ಕಾಯಬೇಕಿತ್ತು. ಯಂತ್ರ ಕಡಿಮೆ, ಜನ ಹೆಚ್ಚು ಇದ್ದಾಗ ಮನುಷ್ಯನೊಬ್ಬನ ಮೇಲ್ವಿಚಾರಣೆ ಬೇಕು ಎಂಬ ಪಾಠ ಇಲ್ಲಿಂದಲೇ ಶುರುವಾಯಿತು.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ ಹಡ್ಸನ್ ಎಂಬ ಸಿಐ ತಂತ್ರಾಂಶವನ್ನು ಬರೆಯತೊಡಗಿದರು. ಒರಾಕಲ್ ಕಂಪನಿ ಸನ್ ಅನ್ನು ಕೊಂಡ ಮೇಲೆ ಹೆಸರಿನ ಹಕ್ಕಿನ ಬಗ್ಗೆ ತಕರಾರೆದ್ದು, 2011ರಲ್ಲಿ ಸಮುದಾಯ ಅದನ್ನು ಜೆಂಕಿನ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದ ಒಂದು ಇಡೀ ತಲೆಮಾರಿಗೆ ಸಿಐ ಎಂದರೆ ಜೆಂಕಿನ್ಸ್ ಎಂದೇ ರೂಢಿ. ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತಿತ್ತು ನಿಜ. ಅದನ್ನು ಹಾಕುವ ಸರ್ವರ್ ಅವರವರದೇ ಆಗಬೇಕಿತ್ತು. ಕಂಪನಿಗಳಿಗೆ, ಸಂಸ್ಥೆಗಳಿಗೆ ಇದು ಸಾಧ್ಯ. ಬಿಡುವಿನ ವೇಳೆಯಲ್ಲಿ ನಾಲ್ಕಾರು ಜನ ನಡೆಸುವ ಚಿಕ್ಕ ಯೋಜನೆಗೆ ಸರ್ವರ್ ಇಡುವುದೂ ಅದನ್ನು ಸಂಭಾಳಿಸುವುದೂ ಭಾರ. ಹಾಗಾಗಿ ಚಿಕ್ಕ ಯೋಜನೆಗಳಲ್ಲಿ ಪರೀಕ್ಷೆ ಎಂದರೆ ಬರೆದವರು ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದ್ದಷ್ಟೇ ಆಗಿತ್ತು.

ಕೊಡುಗೈ ದಶಕ

ಈ ಪರಿಸ್ಥಿತಿಯನ್ನು ಬದಲಿಸಿದ್ದು 2011ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಟ್ರಾವಿಸ್ ಸಿಐ. ಮೊದಲು ರೂಬಿ ಭಾಷೆಯ ಯೋಜನೆಗಳಿಗೆಂದು ಹುಟ್ಟಿ ಬೇಗನೆ ಎಲ್ಲ ಭಾಷೆಗಳಿಗೂ ಹರಡಿತು. ಯೋಜನೆಯ ಕಡತಗಳ ನಡುವೆ ಕೆಲವೇ ಸಾಲುಗಳ ಒಂದು ಸೂಚನೆಯ ಫೈಲ್ ಇಟ್ಟರೆ ಸಾಕು. ಯೋಜನೆಗಳು ಕೋಡ್ ಇಡುವ ಗಿಟ್‌ಹಬ್ ತಾಣಕ್ಕೆ ಬಂದ ಪ್ರತಿ ಕಮಿಟ್‌ಗೂ (ದಾಖಲಾದ ಬದಲಾವಣೆ), ಪ್ರತಿ ಪುಲ್ ರಿಕ್ವೆಸ್ಟ್‌ಗೂ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಹೊಸದೊಂದು ವರ್ಚುಯಲ್ ಯಂತ್ರ ಎದ್ದು, ಪರೀಕ್ಷೆ ನಡೆಸಿ, ಅಳಿದುಹೋಗುತ್ತಿತ್ತು. ಸಾರ್ವಜನಿಕ ಯೋಜನೆಗಳಿಗೆ ಇದೆಲ್ಲ ಪುಕ್ಕಟೆ. ಖಾಸಗಿ ಕೋಡ್ ಇಟ್ಟುಕೊಂಡ ಕಂಪನಿಗಳು ಕೊಡುವ ಶುಲ್ಕದಿಂದ ಖರ್ಚು ತೂಗುತ್ತಿತ್ತು. 2012ರಲ್ಲಿ ಬಳಕೆದಾರರಿಂದಲೇ ದೇಣಿಗೆ ಎತ್ತಿ ಸೇವೆಯನ್ನು ಬಲಪಡಿಸಿದ್ದೂ ಉಂಟು. ಯೋಜನೆಯ ಮುಖಪುಟದಲ್ಲಿ ಹಸಿರು ಬಣ್ಣದ ‘ಬಿಲ್ಡ್ ಪಾಸಿಂಗ್’ ಪಟ್ಟಿ ಕಾಣುವುದು ಆ ಕಾಲದಲ್ಲಿ ಒಳ್ಳೆಯ ಯೋಜನೆಯ ಗುರುತಾಯಿತು.

ಆಗಲೂ ಮಿತಿಗಳಿದ್ದವು. ಸಾರ್ವಜನಿಕ ಯೋಜನೆಯ ಒಂದು ಕೆಲಸ 50 ನಿಮಿಷದೊಳಗೆ ಮುಗಿಯಬೇಕಿತ್ತು. ಒಂದು ಖಾತೆಗೆ ಒಮ್ಮೆಗೆ ಸಾಮಾನ್ಯವಾಗಿ 5 ಕೆಲಸಗಳಷ್ಟೇ ಓಡುತ್ತಿದ್ದವು. ಮ್ಯಾಕ್ ಯಂತ್ರಗಳಿಗೆ ಯಾವಾಗಲೂ ಉದ್ದ ಸಾಲು. ವಿಂಡೋಸ್ ಬೇಕಾದವರು ಆಪ್‌ವೇಯರ್‌ಗೆ ಹೋಗುತ್ತಿದ್ದರು. ಅಲ್ಲಿ ಪುಕ್ಕಟೆ ಯೋಜನೆಗೆ ಒಮ್ಮೆಗೆ ಒಂದೇ ಕೆಲಸ. ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂಗೆ ಸಿರಸ್ ಸಿಐ ಆಸರೆಯಾಯಿತು. ಇಂಟರ್ನೆಟ್ಟಿನ ಆಧಾರಸ್ತಂಭಗಳಲ್ಲಿ ಒಂದಾದ ಕರ್ಲ್ ಯೋಜನೆ ಹೀಗೆ ಹಲವು ಸೇವೆಗಳನ್ನು ಒಟ್ಟಿಗೆ ಬಳಸಿ ಒಂದು ಬದಲಾವಣೆಗೆ 100ಕ್ಕೂ ಹೆಚ್ಚು ಪರೀಕ್ಷಾ ಕೆಲಸಗಳನ್ನು ಓಡಿಸುವ ಮಟ್ಟಕ್ಕೆ ಬೆಳೆಯಿತು. ಒಬ್ಬನೇ ದಾತನನ್ನು ನೆಚ್ಚದೆ ಹಲವರಲ್ಲಿ ಹಂಚಿಕೊಂಡದ್ದು ಅದಕ್ಕೆ ಮುಂದೆ ಒದಗಿಬಂತು.

ಒರತೆ ಬತ್ತಿದ ವರ್ಷಗಳು

2019ರ ಜನವರಿಯಲ್ಲಿ ಟ್ರಾವಿಸ್ ಸಿಐಯನ್ನು ಅಮೆರಿಕದ ಐಡೆರಾ ಕಂಪನಿ ಕೊಂಡಿತು. ಅದೇ ವರ್ಷ, ಆಗಲೇ ಮೈಕ್ರೋಸಾಫ್ಟ್‌ನ ಕೈಸೇರಿದ್ದ ಗಿಟ್‌ಹಬ್ ತನ್ನದೇ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್ ಅನ್ನು ನವೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ಕೋಡ್ ಇರುವ ಜಾಗದಲ್ಲೇ ಪರೀಕ್ಷೆಯೂ ಸಿಗುವಾಗ ಹೊರಗಿನ ಸೇವೆಯ ಹಂಗು ಕಡಿಮೆಯಾಯಿತು.

2020 ಈ ಚರಿತ್ರೆಯಲ್ಲಿ ತಿರುವಿನ ವರ್ಷ. ಫೆಬ್ರವರಿಯಲ್ಲಿ, ಲಿನಕ್ಸ್ ಗ್ರಾಫಿಕ್ಸ್ ತಂತ್ರಾಂಶಗಳ ತವರಾದ ಫ್ರೀಡೆಸ್ಕ್‌ಟಾಪ್‌ನ ಹೊಣೆ ಹೊತ್ತಿದ್ದ ಎಕ್ಸ್.ಆರ್ಗ್ ಪ್ರತಿಷ್ಠಾನ ಒಂದು ಎಚ್ಚರಿಕೆ ಕೊಟ್ಟಿತು. ಗಿಟ್‌ಲ್ಯಾಬ್ ಸರ್ವರಿನ ಖರ್ಚು ಆ ವರ್ಷ ಸುಮಾರು 75,000 ಡಾಲರ್, ಮರುವರ್ಷ 90,000 ಡಾಲರ್ ಆಗಲಿದೆ. ದಾನಿಗಳು ಸಿಗದಿದ್ದರೆ ಮೇ ಅಥವಾ ಜೂನ್‌ನಿಂದ ಸೇವೆಗಳನ್ನು ಕಡಿತ ಮಾಡಬೇಕಾಗುತ್ತದೆ ಎಂದಿತು. ಖರ್ಚಿನ ದೊಡ್ಡ ಪಾಲು ಸಿಐಯಿಂದ ಬರುತ್ತಿತ್ತು. ಪರೀಕ್ಷಾ ಯಂತ್ರಗಳು ಒಂದು ಕಡೆ, ಸರ್ವರ್ ಇನ್ನೊಂದು ಕಡೆ ಇದ್ದವು. ಪ್ರತಿ ಪರೀಕ್ಷೆಗೂ ಭಾರಿ ಗಾತ್ರದ ಫೈಲುಗಳು ಕ್ಲೌಡಿನಿಂದ ಹೊರಕ್ಕೆ ಹರಿಯುತ್ತಿದ್ದವು. ಹೊರಕ್ಕೆ ಹೋದ ಪ್ರತಿ ಗಿಗಾಬೈಟ್‌ಗೂ ಬಿಲ್ ಬೀಳುತ್ತಿತ್ತು. ಯಂತ್ರವನ್ನು ಯಾರೋ ದಾನ ಕೊಟ್ಟರೂ ಅದಕ್ಕೆ ಸಾಮಾನು ಸಾಗಿಸುವ ಖರ್ಚು ಬೇರೆಯೇ ಇರುತ್ತದೆ ಎಂಬುದು ಅನೇಕ ಯೋಜನೆಗಳಿಗೆ ಆಗ ಮನದಟ್ಟಾಯಿತು.

ಅಕ್ಟೋಬರ್ 1ರಿಂದ, ಗಿಟ್‌ಹಬ್‌ನಂತೆಯೇ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್ ತನ್ನ ಪುಕ್ಕಟೆ ಖಾತೆಗಳಿಗೆ ತಿಂಗಳಿಗೆ ಕೊಡುತ್ತಿದ್ದ ಸಿಐಯ 2,000 ನಿಮಿಷಗಳನ್ನು 400ಕ್ಕೆ ಇಳಿಸಿತು. ನವೆಂಬರ್ ಆರಂಭದಲ್ಲಿ ಪರೀಕ್ಷಾ ಯಂತ್ರಗಳು ಸಿದ್ಧ ಇಮೇಜ್‌ಗಳನ್ನು ಇಳಿಸಿಕೊಳ್ಳುವ ಡಾಕರ್ ಹಬ್, ಹೆಸರು ನಮೂದಿಸದ ಬಳಕೆದಾರರಿಗೆ 6 ಗಂಟೆಗೆ 100 ಡೌನ್‌ಲೋಡ್‌ಗಳ ಮಿತಿ ಹಾಕಿತು. ಅದೇ ವಾರ ಟ್ರಾವಿಸ್ ಸಿಐ ತನ್ನ ಹೊಸ ದರಪಟ್ಟಿ ಪ್ರಕಟಿಸಿತು. ಸಾರ್ವಜನಿಕ ಯೋಜನೆಗಳಿಗೆ ಒಂದೇ ಸಲಕ್ಕೆ 10,000 ಕ್ರೆಡಿಟ್. ಲಿನಕ್ಸ್ ಯಂತ್ರದ ಒಂದು ನಿಮಿಷಕ್ಕೆ 10, ವಿಂಡೋಸ್‌ಗೆ 20, ಮ್ಯಾಕ್‌ಗೆ 50 ಕ್ರೆಡಿಟ್ ಕಡಿತ. ಲಿನಕ್ಸ್‌ನಲ್ಲಿ 1,000 ನಿಮಿಷ, ಮ್ಯಾಕ್‌ನಲ್ಲಿ ಬರೀ 200 ನಿಮಿಷಕ್ಕೆ ಗಂಟು ಖಾಲಿ. ಅದು ಮುಗಿದ ಮೇಲೆ ಕಂಪನಿಗೆ ಮನವಿ ಸಲ್ಲಿಸಿ ಕಾಯಬೇಕು. 2021ರ ಜೂನ್ 15ರ ಹೊತ್ತಿಗೆ ಟ್ರಾವಿಸ್‌ನ ಹಳೆಯ ಪುಕ್ಕಟೆ ತಾಣದಲ್ಲಿ ಬಿಲ್ಡ್‌ಗಳು ನಿಂತವು. ಸಾವಿರಾರು ಯೋಜನೆಗಳು ಬೇರೆಡೆಗೆ ಗುಳೆ ಹೊರಟವು; ಬಹುಪಾಲು ಹೋಗಿ ಸೇರಿದ್ದು ಗಿಟ್‌ಹಬ್ ಆಕ್ಷನ್ಸ್‌ಗೆ.

ಈ ಬಿಗಿಗೆ ಕಂಪನಿಗಳ ಲಾಭದ ಲೆಕ್ಕ ಒಂದು ಕಾರಣವಾದರೆ, ದುರ್ಬಳಕೆ ಇನ್ನೊಂದು. ಕ್ರಿಪ್ಟೋ ನಾಣ್ಯಗಳ ಬೆಲೆ ಏರಿದಾಗ ಪುಕ್ಕಟೆ ಯಂತ್ರಸಮಯ ಕಳ್ಳರ ಕಣ್ಣಿಗೆ ಬಿತ್ತು. ಸುಳ್ಳು ಖಾತೆ ತೆರೆದು, ಯಾವುದೋ ಯೋಜನೆಯ ನಕಲು ತೆಗೆದು, ಅದರ ಸಿಐ ಸೂಚನೆಯೊಳಗೆ ನಾಣ್ಯ ಗಣಿಗಾರಿಕೆಯ ಪ್ರೋಗ್ರಾಂ ಸೇರಿಸಿ, ಪುಲ್ ರಿಕ್ವೆಸ್ಟ್ ಕಳಿಸಿದರಾಯಿತು. ಯೋಜನೆಯವರು ಒಪ್ಪುವ ಮೊದಲೇ ಯಂತ್ರ ಅದನ್ನು ಓಡಿಸುತ್ತಿತ್ತು. ಇದನ್ನು ತಡೆಯಲು 2021ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ಒಂದು ನಿಯಮ ತಂದಿತು: ಮೊದಲ ಸಲ ಕೊಡುಗೆ ಕಳಿಸುವವರ ಬದಲಾವಣೆಗೆ ಯೋಜನೆಯ ಹೊಣೆಗಾರರೊಬ್ಬರು ಅನುಮತಿ ಕೊಟ್ಟ ಮೇಲೆಯೇ ಪರೀಕ್ಷೆ ಶುರುವಾಗಬೇಕು. ಮರುತಿಂಗಳು ಗಿಟ್‌ಲ್ಯಾಬ್ ಹೊಸ ಪುಕ್ಕಟೆ ಖಾತೆದಾರರಿಂದ ಕ್ರೆಡಿಟ್ ಕಾರ್ಡ್ ವಿವರ ಕೇಳತೊಡಗಿತು. ಕಾರ್ಡ್ ಇಲ್ಲದ ವಿದ್ಯಾರ್ಥಿಗಳಿಗೆ ಇದು ನಿಜವಾದ ತಡೆ. ಕೆಲವರ ಕಳ್ಳತನಕ್ಕೆ ಏನೂ ಅರಿಯದ ಹೊಸಬರು ತೆತ್ತ ದಂಡ ಅದು. 2023ರಲ್ಲಿ ಸಿರಸ್ ಸಿಐ ಕೂಡ ಪುಕ್ಕಟೆ ಬಳಕೆಗೆ ಮಾಸಿಕ ಮಿತಿ ಹಾಕಿತು.

ಹಂಚಿಕೆಯ ಕಟ್ಟುಪಾಡುಗಳು

ಮಿತಿಯುಳ್ಳ ಪುಕ್ಕಟೆ ಸಂಪನ್ಮೂಲವನ್ನು ಹಂಚಿಕೊಳ್ಳುವ ಕ್ರಮ ಕೋಲಾರದ ಕಡೆಯವರಿಗೆ ಹೊಸದಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ, ಮಾಲೂರಿನಿಂದ ಹಿಡಿದು ಮುಳಬಾಗಿಲು, ಶ್ರೀನಿವಾಸಪುರದವರೆಗೂ ಬೇಸಾಯ ನಿಂತದ್ದು ಕೆರೆಗಳ ಮೇಲೆ. ತೂಬು ಎತ್ತುವುದು, ಇಳಿಸುವುದು ನೀರುಗಂಟಿಯ ಕೈಯಲ್ಲಿರುತ್ತಿತ್ತು; ಯಾರ ಗದ್ದೆಗೆ ಯಾವಾಗ ನೀರು ಎಂಬ ಸರದಿಯನ್ನು ಆತ ಕಾಯುತ್ತಿದ್ದ, ಸುಗ್ಗಿಯಲ್ಲಿ ರೈತರಿಂದ ಧಾನ್ಯ ಪಡೆಯುತ್ತಿದ್ದ. ಕೆರೆ ಪೂರ್ತಿ ತುಂಬದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನೀರು ಬಿಡಬೇಕೆಂದು ಊರವರು ಬಿತ್ತನೆಗೆ ಮೊದಲೇ ಕೂತು ತೀರ್ಮಾನಿಸಬೇಕಿತ್ತು. ಮುಕ್ತ ತಂತ್ರಾಂಶದ ಯೋಜನೆಗಳು ಕಟ್ಟಿಕೊಂಡ ನಿಯಮಗಳಲ್ಲಿ ಇವೇ ಮೂರು ಅಂಶಗಳಿವೆ: ಸರದಿ, ಸರದಿ ಕಾಯುವವನು, ಕೊರತೆಯ ಹೊತ್ತಿಗೆ ಮೊದಲೇ ಒಪ್ಪಿದ ಕಡಿತ.

ಸರದಿಯ ಅತ್ಯುತ್ತಮ ನಮೂನೆ ರಸ್ಟ್ ಭಾಷೆಯ ಯೋಜನೆಯದು. ಅದರ ಮೂಲ ಕರ್ತೃ ಗ್ರೇಡನ್ ಹೋರ್ 2013ರಲ್ಲಿ ಬೋರ್ಸ್ ಎಂಬ ಬಾಟ್ ಬರೆದರು. ಯಾರೂ ಕೋಡನ್ನು ನೇರವಾಗಿ ಮೂಲಕ್ಕೆ ಸೇರಿಸುವಂತಿಲ್ಲ. ಪರಿಶೀಲಕರು ಒಪ್ಪಿಗೆಯ ಸೂಚನೆ ಬರೆದರೆ ಬಾಟ್ ಆ ಬದಲಾವಣೆಯನ್ನು ಸಾಲಿಗೆ ಹಾಕಿ, ಅದರ ಸರದಿ ಬಂದಾಗ ಪೂರ್ತಿ ಪರೀಕ್ಷೆ ನಡೆಸಿ, ಪಾಸಾದರೆ ಮಾತ್ರ ಸೇರಿಸುತ್ತದೆ. ರಸ್ಟ್ ಕಂಪೈಲರಿನ ಪೂರ್ತಿ ಪರೀಕ್ಷೆಗೆ ಗಂಟೆಗಟ್ಟಲೆ ಹಿಡಿಯುವುದರಿಂದ ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ದಿನಕ್ಕೆ ಕೆಲವು ಬದಲಾವಣೆಗಳಷ್ಟೇ ಒಳಗೆ ಹೋದಾವು. ಅದಕ್ಕೆ ಕಂಡುಕೊಂಡ ಉಪಾಯ ‘ರೋಲಪ್’. ಅಪಾಯವಿಲ್ಲದ ಚಿಕ್ಕಪುಟ್ಟ ಬದಲಾವಣೆಗಳನ್ನು ಒಂದು ಕಟ್ಟಾಗಿ ಸೇರಿಸಿ ಒಂದೇ ಸಲ ಪರೀಕ್ಷಿಸುತ್ತಾರೆ. ಪಾಸಾದರೆ ಎಲ್ಲವೂ ಒಟ್ಟಿಗೆ ಒಳಗೆ. ಫೇಲಾದರೆ ತಪ್ಪಿತಸ್ಥ ಬದಲಾವಣೆಯನ್ನು ಹುಡುಕಿ ಹೊರಗಿಟ್ಟು ಉಳಿದದ್ದನ್ನು ಮತ್ತೆ ಕಟ್ಟುತ್ತಾರೆ.

ಕಡಿತದ ನಿಯಮಕ್ಕೆ ಅಪಾಚೆ ಸಾಫ್ಟ್‌ವೇರ್ ಪ್ರತಿಷ್ಠಾನದ ಅನುಭವ ದೊಡ್ಡ ಉದಾಹರಣೆ. ಅದರ ಆಶ್ರಯದಲ್ಲಿರುವ ಯೋಜನೆಗಳೆಲ್ಲ ಗಿಟ್‌ಹಬ್‌ನಲ್ಲಿ ಒಂದೇ ಸಂಸ್ಥೆಯ ಖಾತೆಯಡಿ ಇರುವುದರಿಂದ ಸಿಐಯ ಸಾಲೂ ಒಂದೇ. ಒಂದೆರಡು ದೊಡ್ಡ ಯೋಜನೆಗಳು ನೂರಾರು ಕೆಲಸಗಳನ್ನು ಒಮ್ಮೆಲೇ ಹಾಕಿದರೆ ಚಿಕ್ಕ ಯೋಜನೆಯ ಎರಡು ನಿಮಿಷದ ಪರೀಕ್ಷೆಯೂ ಹಿಂದೆ ನಿಂತು ಕಾಯಬೇಕು. ಕಡೆಗೆ ಪ್ರತಿಷ್ಠಾನ ಲಿಖಿತ ನಿಯಮ ಮಾಡಿತು: ಒಂದು ಯೋಜನೆಯ ವಾರದ ಬಳಕೆ 25 ಯಂತ್ರಗಳು ಪೂರ್ಣಕಾಲ ಓಡುವುದಕ್ಕೆ ಸಮನಾದ ಸುಮಾರು 2,50,000 ನಿಮಿಷಗಳನ್ನು ಮೀರಬಾರದು. ಅದೇ ಬಳಗದ ಸ್ಪಾರ್ಕ್ ಯೋಜನೆ ಇನ್ನೊಂದು ದಾರಿ ಹಿಡಿಯಿತು. ಬದಲಾವಣೆಯ ಪರೀಕ್ಷೆ ಕೊಡುಗೆದಾರರು ತಮ್ಮ ಖಾತೆಯಲ್ಲಿ ಇಟ್ಟುಕೊಂಡ ನಕಲಿನಲ್ಲೇ, ಅವರ ಪಾಲಿನ ಪುಕ್ಕಟೆ ಸಮಯದಲ್ಲೇ ಓಡುತ್ತದೆ. ಫಲಿತಾಂಶ ಮಾತ್ರ ಮುಖ್ಯ ಯೋಜನೆಗೆ ಬರುತ್ತದೆ. ಹೊರೆ ಒಂದು ಕಡೆ ಕೂಡಿಬೀಳದೆ ಎಲ್ಲರ ಮೇಲೂ ಹರಡುತ್ತದೆ.

ಯಾವ ಯೋಜನೆಗೂ ಒಗ್ಗುವ ಮಿತವ್ಯಯದ ಕ್ರಮಗಳೂ ಈ ವರ್ಷಗಳಲ್ಲಿ ರೂಢಿಗೆ ಬಂದವು. ಒಂದೇ ಪುಲ್ ರಿಕ್ವೆಸ್ಟ್‌ಗೆ ಹೊಸ ಕಮಿಟ್ ಬಂದರೆ ಹಳೆಯದರ ಪರೀಕ್ಷೆ ವ್ಯರ್ಥ; ಅದನ್ನು ತಾನಾಗಿ ರದ್ದು ಮಾಡುವ ಸೌಲಭ್ಯವನ್ನು ಗಿಟ್‌ಹಬ್ 2021ರಲ್ಲಿ ಕೊಟ್ಟಿತು. ಕೈಪಿಡಿಯಲ್ಲಿ ಕಾಗುಣಿತ ತಿದ್ದಿದ್ದಕ್ಕೆ ಕಂಪೈಲರ್ ಎಬ್ಬಿಸಬೇಕಿಲ್ಲ. ಯಾವ ಕಡತ ಬದಲಾಗಿದೆ ಎಂದು ನೋಡಿ ಅದಕ್ಕೆ ತಕ್ಕ ಪರೀಕ್ಷೆಯನ್ನಷ್ಟೇ ಓಡಿಸಬಹುದು. ಒಂದು ನಿಮಿಷದಲ್ಲಿ ಮುಗಿಯುವ ಬರವಣಿಗೆಯ ತಪಾಸಣೆ ಮೊದಲು, ಅದು ಪಾಸಾದರೆ ಲಿನಕ್ಸ್‌ನಲ್ಲಿ ಒಂದು ಪರೀಕ್ಷೆ, ಆಮೇಲೆ ಉಳಿದ ಯಂತ್ರಗಳು ಎಂದು ಮೆಟ್ಟಿಲು ಕಟ್ಟಿದರೆ ಸೋಲುವ ಬದಲಾವಣೆ ಮೊದಲ ಮೆಟ್ಟಿಲಲ್ಲೇ ಸೋಲುತ್ತದೆ. ದುಬಾರಿಯಾದ ಮ್ಯಾಕ್ ಪರೀಕ್ಷೆಯನ್ನು ಪ್ರತಿ ಕಮಿಟ್‌ಗೂ ನಡೆಸುವುದನ್ನು ಬಿಟ್ಟು ರಾತ್ರಿ ಒಮ್ಮೆ ಮಾಡಬಹುದು. ಬದಲಾಗದ ಭಾಗಗಳನ್ನು ಕ್ಯಾಶ್‌ನಲ್ಲಿ ಉಳಿಸಿಕೊಂಡರೆ ಪ್ರತಿ ಸಲವೂ ಡೌನ್‌ಲೋಡ್, ಕಂಪೈಲ್ ತಪ್ಪುತ್ತದೆ. ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ನಂಬಲಾಗದ ಪರೀಕ್ಷೆ ಎಲ್ಲಕ್ಕಿಂತ ದೊಡ್ಡ ಪೋಲು. ಜನ ಕಾರಣ ಹುಡುಕದೆ ‘ಮತ್ತೆ ಓಡಿಸು’ ಒತ್ತುತ್ತಾರೆ. ಯಂತ್ರಸಮಯದ ಜೊತೆಗೆ ಸಿಐ ಮೇಲಿನ ನಂಬಿಕೆಯೂ ಹೋಗುತ್ತದೆ.

ದಾನದ ಯಂತ್ರಗಳು

ಸೇವೆಗಳ ಹೊರಗೆ ಇನ್ನೊಂದು ದಾರಿ ಯೋಜನೆಯೇ ಯಂತ್ರ ಇಟ್ಟುಕೊಳ್ಳುವುದು. ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಪರೀಕ್ಷೆಗಳನ್ನು ವಿಕಿಮೀಡಿಯ ಪ್ರತಿಷ್ಠಾನ ತನ್ನದೇ ಜೆಂಕಿನ್ಸ್ ಮತ್ತು ಝೂಲ್ ವ್ಯವಸ್ಥೆಯಲ್ಲಿ ನಡೆಸುತ್ತ ಬಂದಿದೆ. ಅದರ ಖರ್ಚು ಓದುಗರ ದೇಣಿಗೆಯಿಂದ ಬರುತ್ತದೆ. ಅಷ್ಟು ಬಲವಿಲ್ಲದವರಿಗೆ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಓಪನ್ ಸೋರ್ಸ್ ಲ್ಯಾಬ್, ಜಿಸಿಸಿ ಕಂಪೈಲರ್ ಬಳಗದ ಕಂಪೈಲ್ ಫಾರ್ಮ್ ಮೊದಲಾದವು ಸುಲಭಕ್ಕೆ ಸಿಗದ ಬಗೆಯ ಯಂತ್ರಗಳನ್ನು ಪುಕ್ಕಟೆಯಾಗಿ ಒದಗಿಸಿವೆ.

ಈ ದಾರಿಯಲ್ಲೂ ಎರಡು ತೊಡಕುಗಳಿವೆ. ಮೊದಲನೆಯದು ಭದ್ರತೆ. ಸಾರ್ವಜನಿಕ ಯೋಜನೆಗೆ ಯಾರು ಬೇಕಾದರೂ ಕೋಡ್ ಕಳಿಸಬಹುದಾದ್ದರಿಂದ ಸ್ವಂತ ಯಂತ್ರದ ಮೇಲೆ ಅಪರಿಚಿತರ ಕೋಡ್ ಓಡಿದಂತಾಗುತ್ತದೆ. ಸಾರ್ವಜನಿಕ ಯೋಜನೆಗೆ ಸ್ವಂತ ರನ್ನರ್ (ಪರೀಕ್ಷೆ ಓಡಿಸುವ ಯಂತ್ರ) ಜೋಡಿಸಬೇಡಿ ಎಂದು ಗಿಟ್‌ಹಬ್ ತಾನೇ ಎಚ್ಚರಿಸುತ್ತದೆ. ಎರಡನೆಯದು ದಾನದ ಆಯುಸ್ಸು. ಫ್ರೀಡೆಸ್ಕ್‌ಟಾಪ್‌ಗೆ ಮುಂದೆ ಎಕ್ವಿನಿಕ್ಸ್ ಕಂಪನಿಯ ಯಂತ್ರಗಳು ದಾನವಾಗಿ ಸಿಕ್ಕಿದ್ದವು. ಆ ನೆರವು ಮುಗಿಯಲಿದೆಯೆಂದು 2025ರ ಆರಂಭದಲ್ಲಿ ತಿಳಿದು, ಯೋಜನೆ ಬಾಡಿಗೆ ಸರ್ವರ್‌ಗಳಿಗೆ ಸ್ಥಳಾಂತರವಾಗಬೇಕಾಯಿತು. ಅದೇ ವರ್ಷ ಒರೆಗಾನ್‌ನ ಲ್ಯಾಬ್ ಕೂಡ 2,50,000 ಡಾಲರ್ ಕೂಡದಿದ್ದರೆ ಬಾಗಿಲು ಮುಚ್ಚಬೇಕಾದೀತೆಂದು ಪ್ರಕಟಿಸಿತು. ಆಮೇಲೆ ದಾನಿಗಳು ಮುಂದೆ ಬಂದು ಅದು ಉಳಿಯಿತು.

ಚಿಕ್ಕ ಯೋಜನೆಗಳ ಇಂದಿನ ಸ್ಥಿತಿ

ಗಿಟ್‌ಹಬ್‌ನ ಪುಕ್ಕಟೆ ಖಾತೆಯ ಸಾರ್ವಜನಿಕ ಯೋಜನೆಗೆ ನಿಮಿಷಗಳ ಲೆಕ್ಕವಿಲ್ಲ. ಆದರೆ ಒಮ್ಮೆಗೆ 20 ಕೆಲಸ, ಅದರಲ್ಲಿ ಮ್ಯಾಕ್ 5, ಒಂದು ಕೆಲಸಕ್ಕೆ ಹೆಚ್ಚೆಂದರೆ 6 ಗಂಟೆ ಎಂಬ ಮಿತಿಗಳಿವೆ. ಖಾಸಗಿ ಯೋಜನೆಗೆ ತಿಂಗಳಿಗೆ 2,000 ನಿಮಿಷ. ಕನ್ನಡಕ್ಕೆ ಸಂಬಂಧಿಸಿದ ಹೆಚ್ಚಿನ ಯೋಜನೆಗಳಿಗೆ ಇದು ಧಾರಾಳ. ನೋಟೊ ಕನ್ನಡ ಫಾಂಟಿನ ಮೂಲ ಗಿಟ್‌ಹಬ್‌ನಲ್ಲಿ ಮುಕ್ತವಾಗಿದ್ದು, ಅದರ ಬಿಲ್ಡ್ ನಡೆಯುವುದು ಆಕ್ಷನ್ಸ್‌ನಲ್ಲೇ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂತು; ಅಂಥ ನಿಘಂಟುಗಳನ್ನು ಪ್ರಕಟಿಸುವ ಡಿಕ್ಟ್‌ಪ್ರೆಸ್ ತಂತ್ರಾಂಶ ಗೋ ಭಾಷೆಯ ಪುಟ್ಟ ಪ್ರೋಗ್ರಾಂ. ಇಂಥ ಗಾತ್ರದ ಕೋಡ್ ಬಿಲ್ಡ್ ಆಗಲು ಹೆಚ್ಚು ಹೊತ್ತು ಬೇಡ.

ಆದರೂ ಧಾರಾಳ ಇದ್ದಾಗಲೇ ಕಟ್ಟುಪಾಡು ಮಾಡಿಕೊಳ್ಳಬೇಕೆಂಬುದು ಕಳೆದ ದಶಕದ ಅನುಭವ. ಟ್ರಾವಿಸ್ ನಿಂತಾಗ ಹೆಚ್ಚು ನರಳಿದವು ತಮ್ಮ ಪರೀಕ್ಷೆಯ ಹೆಜ್ಜೆಗಳನ್ನೆಲ್ಲ ಅದರ ಸೂಚನೆಯ ಫೈಲಿನೊಳಗೇ ಬರೆದುಕೊಂಡಿದ್ದ ಯೋಜನೆಗಳು. ಪರೀಕ್ಷೆಯನ್ನು ಪ್ರತ್ಯೇಕ ಸ್ಕ್ರಿಪ್ಟ್ ಆಗಿಟ್ಟು, ಯಾವ ಯಂತ್ರದಲ್ಲೂ ಒಂದೇ ಆಜ್ಞೆಯಿಂದ ಓಡುವಂತೆ ಮಾಡಿಕೊಂಡವರಿಗೆ ಹೊಸ ಸೇವೆಗೆ ಹೋಗುವುದು ಸುಲಭವಾಯಿತು. ಆ ಸ್ಕ್ರಿಪ್ಟ್, ಯಾವ ಪರೀಕ್ಷೆ ಯಾವಾಗ ಓಡಬೇಕೆಂಬ ಬರೆದಿಟ್ಟ ನಿಯಮ, ತಿಂಗಳ ಬಳಕೆಯನ್ನು ಗಮನಿಸುವ ಒಬ್ಬ ಹೊಣೆಗಾರ, ಈ ಮೂರು ಇದ್ದರೆ ಪುಕ್ಕಟೆ ಯಂತ್ರಸಮಯ ಕುಗ್ಗಿದ ದಿನವೂ ಯೋಜನೆಯ ಪರೀಕ್ಷೆ ನಿಲ್ಲುವುದಿಲ್ಲ.